ಹತ್ತು ಜನ ಹಾರಿ ಬೀಳುವ ಫೈಟ್ ಯಾಕೆ ಹಿಡಿಸುತ್ತದೆ, ಎಲ್ಲಿ ಕೆಡುತ್ತದೆ?

ಬಂದರು ಬಾಲ್ಕನಿ

ದೊಡ್ಡ ಮಾಸ್ ಪಿಕ್ಚರ್ ಬಂದ ವಾರ ಮಂಗಳೂರಿನಲ್ಲಿ ಒಂದೇ ಜಗಳ. ಒಬ್ಬರು "ಲಾಜಿಕ್ ಎಲ್ಲುಂಟು ಮಾರಾಯ್ರೆ" ಅಂತಾರೆ, ಇನ್ನೊಬ್ಬರು "ತಲೆ ಮನೆಯಲ್ಲಿ ಇಟ್ಟು ಹೋಗಿ, ಮಜಾ ಬರ್ತದೆ" ಅಂತಾರೆ. ನನಗೆ ಎರಡನೆಯ ಮಾತೇ ಹೆಚ್ಚು ಬೇಸರ ತರಿಸುವುದು. ಇಲ್ಲಿಯ ಪ್ರೇಕ್ಷಕರು ತಲೆ ಬಿಟ್ಟು ನೋಡುವವರಲ್ಲ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ, ಯಾವ ವೇಷದ ಧಿಗಿಣ (ಗಿರಕಿ ಹೊಡೆದು ಹಾರುವ ಕುಣಿತ) ಸಡಿಲಾಯಿತು ಅಂತ ಬೆಳಿಗ್ಗೆ ಬಸ್ಸಿನಲ್ಲಿ ಲೆಕ್ಕ ಹೇಳುತ್ತಾರೆ. ಕಂಬಳದ ಕನೆಹಲಗೆಯಲ್ಲಿ (ಕೋಣ ಎಳೆಯುವ ಹಲಗೆಯಿಂದ ನೀರು ಚಿಮ್ಮಿಸುವ ಸ್ಪರ್ಧೆ) ನೀರು ಆರೂವರೆ ಕೋಲು ಎತ್ತರದ ನಿಶಾನೆಗೆ ಹಾರಿತೋ ಇಲ್ಲವೋ ಅಂತ ದಡದಲ್ಲೇ ನಿಂತು ವಾದ ಮಾಡುತ್ತಾರೆ. ಹುಲಿವೇಷದವರು ಅಕ್ಕಿಮುಡಿಯನ್ನು (ಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮೂಟೆ) ಹಲ್ಲಿನಲ್ಲಿ ಕಚ್ಚಿ ಎತ್ತಿ ತಲೆಯ ಹಿಂದಕ್ಕೆ ಎಸೆಯುವಾಗ ಕುತ್ತಿಗೆಯ ನರವನ್ನೇ ನೋಡುತ್ತಿರುತ್ತಾರೆ. ಇಂಥವರು ಸಿನಿಮಾದಲ್ಲಿ ಹೀರೋ ಒಂದು ಏಟಿಗೆ ಹತ್ತು ಜನರನ್ನು ಹಾರಿಸಿದಾಗ ಸೀಟಿನಿಂದ ಏಳುತ್ತಾರೆ ಅಂದರೆ, ಆ ಸೀನಿನಲ್ಲಿ ಏನೋ ಸರಿಯಾಗಿ ಕೂತಿದೆ. ಅದೇ ಜನ ಇನ್ನೊಂದು ಪಿಕ್ಚರಿನ ಅಂಥದೇ ಫೈಟಿಗೆ ಮೊಬೈಲ್ ತೆಗೆಯುತ್ತಾರೆ.

ವ್ಯತ್ಯಾಸ ಎಲ್ಲಿ? ಕೆಲಸ ಗೊತ್ತಿದ್ದವರು ಬಿಡಿಸಿ ಬರೆಯಿರಿ. "ಎನರ್ಜಿ", "ವೈಬ್" ಅಂತ ಬರೆದು ಬಿಡಬೇಡಿ.

ಚೆಂಡೆಪೆಟ್ಟು

ಹೀರೋ ಎಂಟ್ರಿಯಿಂದ ಶುರು ಮಾಡುವ. ಅದು ಯಕ್ಷಗಾನದ ಒಡ್ಡೋಲಗವೇ (ವೇಷ ರಂಗಕ್ಕೆ ಬರುವ ಮೊದಲ ಪ್ರವೇಶ), ಬೇರೆ ಏನೂ ಅಲ್ಲ.

ತೆಂಕುತಿಟ್ಟಿನ ಬಣ್ಣದ ವೇಷವನ್ನು, ಅಂದರೆ ತೆಂಕಣ ಶೈಲಿಯ ರಾಕ್ಷಸ ಪಾತ್ರವನ್ನು ನೋಡಿ. ಮುಖಕ್ಕೆ ಚುಟ್ಟಿ (ಅಕ್ಕಿಹಿಟ್ಟಿನ ಚುಕ್ಕೆ) ಇಟ್ಟು ಗಂಟೆಗಟ್ಟಲೆ ತಯಾರಾದ ವೇಷವನ್ನು ತಂದು ರಂಗದ ನಡುವೆ ನಿಲ್ಲಿಸಿ "ನೋಡಿ" ಅನ್ನುವುದಿಲ್ಲ. ಇಬ್ಬರು ತೆರೆ ಹಿಡಿಯುತ್ತಾರೆ. ಮೊದಲು ಆರ್ಭಟ ಮಾತ್ರ ಕೇಳುತ್ತದೆ. ಆಮೇಲೆ ತೆರೆಯ ಮೇಲೆ ಕಿರೀಟದ ಅಂಚು, ಬೆರಳು, ಅರ್ಧ ಮುಖ ಕಂಡು ಮತ್ತೆ ಮರೆಯಾಗುತ್ತದೆ. ಚೆಂಡೆ ಏರುತ್ತಾ ಹೋಗುತ್ತದೆ, ತೆರೆ ಇನ್ನೂ ಇಳಿದಿರುವುದಿಲ್ಲ. ದೇವಿಮಹಾತ್ಮೆಯ ಮಹಿಷಾಸುರನಂತೂ ರಂಗಸ್ಥಳದ ಕಡೆಯಿಂದಲೇ ಬರುವುದಿಲ್ಲ. ನಿಮ್ಮ ಬೆನ್ನ ಹಿಂದಿನಿಂದ, ಸಭೆಯ ನಡುವೆ, ದೊಂದಿ (ಪಂಜು) ಹಿಡಿದು ಬರುತ್ತಾನೆ. ರಾಳದ ಪುಡಿ ಎರಚಿದಾಗ ಬೆಂಕಿ ಭಗ್ ಅಂತ ಏಳುತ್ತದೆ, ನಿದ್ದೆ ಹೋದ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ಅವನು ರಂಗಕ್ಕೆ ಮುಟ್ಟುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ.

ಸಿನಿಮಾದಲ್ಲಿ ತೆರೆಯ ಕೆಲಸವನ್ನು ಚೂರು ಶಾಟ್‌ಗಳು ಮಾಡುತ್ತವೆ: ಚಪ್ಪಲಿ, ಮುಷ್ಟಿ, ಬೆನ್ನು, ಗೋಡೆಯ ಮೇಲಿನ ನೆರಳು. ಇವೆಲ್ಲಕ್ಕಿಂತ ಮುಖ್ಯ ಎದುರಿನವರ ಕಣ್ಣು. ಹೀರೋ ಎಷ್ಟು ದೊಡ್ಡವ ಅನ್ನುವುದನ್ನು ಹೀರೋ ತೋರಿಸಲು ಆಗುವುದಿಲ್ಲ, ಅವನನ್ನು ನೋಡಿ ಹಿಂದೆ ಸರಿಯುವವ ತೋರಿಸಬೇಕು. ಕೆಡುವುದು ಎರಡು ಕಡೆ. ಚೂರು ಶಾಟ್‌ಗಳ ಮೊದಲೇ ಎಲ್ಲೋ ಒಂದು ವೈಡ್ ಶಾಟ್‌ನಲ್ಲಿ ಮುಖ ಕಂಡುಬಿಟ್ಟಿರುತ್ತದೆ. ತೆರೆ ಹಿಡಿಯುವ ಮೊದಲೇ ವೇಷ ಚೌಕಿಯಿಂದ (ಬಣ್ಣ ಹಚ್ಚುವ ಕೋಣೆ) ಇಣುಕಿದ ಹಾಗೆ. ಇಲ್ಲವಾದರೆ ಹೀರೋ ಬರಲೇಬೇಕು ಅನ್ನುವ ಪರಿಸ್ಥಿತಿಯೇ ಕಥೆಯಲ್ಲಿ ಇರುವುದಿಲ್ಲ. ಯಾರೂ ಕಾಯದವನಿಗೆ ಎಷ್ಟು ಹೊಗೆ ಬಿಟ್ಟರೂ ಅಷ್ಟೇ.

ಮಲ್ಪೆ ಮಿಕ್ಸ್

ಚೆಂಡೆಪೆಟ್ಟು ಹೇಳಿದ್ದರ ಇನ್ನರ್ಧ ಶಬ್ದದಲ್ಲಿದೆ.

ಸಿನಿಮಾದ ಏಟಿನ ಸದ್ದು ಒಂದೇ ಸದ್ದಲ್ಲ, ಕಡಿಮೆ ಅಂದರೂ ಮೂರು ಪದರ. ಅಡಿಯಲ್ಲಿ 40ರಿಂದ 80 ಹರ್ಟ್ಸ್‌ನ ಗುದ್ದು, ಇದು ಕಿವಿಗಿಂತ ಎದೆಗೆ ತಾಗುವುದು. ನಡುವೆ ಚರ್ಮದ ಮೇಲೆ ಚರ್ಮ ಬಿದ್ದಂಥ ಸದ್ದು, ಹಳೆಯ ಲೆದರ್ ಜಾಕೆಟ್ಟಿಗೆ ಹೊಡೆದು ಹಿಡಿಯುವಂಥದ್ದು. ಮೇಲೆ ಒಂದು ಚೂಪಾದ "ಟಕ್", ಒಣ ಕಡ್ಡಿ ಮುರಿದ ಹಾಗೆ. ಮೇಲಿನದು ಇಲ್ಲದಿದ್ದರೆ ಏಟು ಮೆತ್ತಗೆ, ದಿಂಬಿಗೆ ಗುದ್ದಿದಂತೆ. ಅಡಿಯದು ಇಲ್ಲದಿದ್ದರೆ ಹಳೆಯ "ಡಿಶುಂ".

ನಾಲ್ಕನೆಯ ಪದರ ಮೌನ. ದೊಡ್ಡ ಏಟು ಬೀಳುವ ಮೊದಲು 8ರಿಂದ 12 ಫ್ರೇಮ್, ಅಂದರೆ ಅರ್ಧ ಸೆಕೆಂಡಿನೊಳಗೆ, ಹಿನ್ನೆಲೆ ಸಂಗೀತವನ್ನು ಪೂರ್ತಿ ಕತ್ತರಿಸಿ. ಮತ್ತೆ ಬರುವ ಸದ್ದು ಮೀಟರಿನಲ್ಲಿ ಮೊದಲಿನಷ್ಟೇ ಇದ್ದರೂ ಕಿವಿಗೆ ದುಪ್ಪಟ್ಟು. ಭಾಗವತರು ಜಾಗಟೆ ನಿಲ್ಲಿಸಿ ಒಂದು ಉಸಿರು ಬಿಟ್ಟು ಚೆಂಡೆಗೆ ಕೊಡುತ್ತಾರಲ್ಲ, ಅದೇ ಲೆಕ್ಕ. ಈಗ ಬರುವ ಬಹಳ ಪಿಕ್ಚರ್‌ಗಳ ದೊಡ್ಡ ದೋಷ ಇದು: ಮೊದಲ ರೀಲಿನಿಂದ ಕೊನೆಯವರೆಗೆ ಎಲ್ಲವೂ ಒಂದೇ ಎತ್ತರದಲ್ಲಿ ಕಿರುಚುತ್ತದೆ. ಏರುವುದಕ್ಕೆ ಜಾಗವೇ ಉಳಿದಿರುವುದಿಲ್ಲ.

ಇನ್ನೊಂದು ಸಣ್ಣ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ಮುಖ ತೋರಿಸಿದ ಕೂಡಲೇ ಮುಖ್ಯ ಡೈಲಾಗ್ ಇಡಬಾರದು. ಮೊದಲ ದಿನದ ಆಟದಲ್ಲಿ ಶಿಳ್ಳೆಗೆ ಅದು ಯಾರಿಗೂ ಕೇಳುವುದಿಲ್ಲ. ಆದ್ದರಿಂದ ಹೀರೋ ನಾಲ್ಕು ಹೆಜ್ಜೆ ನಡೆಯುತ್ತಾನೆ, ಬೀಡಿ ಹಚ್ಚುತ್ತಾನೆ, ಕುರ್ಚಿ ಎಳೆಯುತ್ತಾನೆ. ಅದು ಬರೇ ಸ್ಟೈಲ್ ಅಲ್ಲ, ಜನರ ಕೂಗಿಗೆ ಬಿಟ್ಟ ಜಾಗ. ಮನೆಯಲ್ಲಿ ಮೊಬೈಲಿನಲ್ಲಿ ಅದೇ ಸೀನ್ ನೋಡಿ "ಎಂಥ ಎಳೆಯುತ್ತಾನೆ" ಅನಿಸುವುದು ಆ ಜಾಗ ಖಾಲಿ ಬಿದ್ದಿರುವುದರಿಂದ.

ಕದ್ರಿ ಕಟ್ಟೆ

ಇದೆಲ್ಲ ಸರಿ. ಆದರೆ ಮನುಷ್ಯ ಮೂವತ್ತು ಅಡಿ ಹಿಂದಕ್ಕೆ ಹಾರುವುದನ್ನು ಶಬ್ದದಿಂದ ಮುಚ್ಚಲು ಆಗುವುದಿಲ್ಲ. ಭೌತಶಾಸ್ತ್ರ ಎಲ್ಲರ ಕಣ್ಣಲ್ಲೂ ಉಂಟು, ಓದದವರ ಕಣ್ಣಲ್ಲೂ. ಅದನ್ನು ಮೀರಿದ ಕೂಡಲೇ ನನ್ನ ಮಟ್ಟಿಗೆ ಅಪಾಯ ಹೋಯಿತು. ಹೀರೋಗೆ ಏನೂ ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಏನನ್ನು ನೋಡುವುದು?

ಹಗ್ಗದ ಲೆಕ್ಕ

@ಕದ್ರಿ ಕಟ್ಟೆ, ಕಣ್ಣಲ್ಲಿ ಭೌತಶಾಸ್ತ್ರ ಉಂಟು ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಕಣ್ಣು ಹಿಡಿಯುವುದು ದೂರವನ್ನಲ್ಲ, ದಾರಿಯನ್ನು.

ಲೆಕ್ಕ ನೋಡಿ. ಗಾಳಿಯಲ್ಲಿ ಒಂದು ಸೆಕೆಂಡ್ ಇರುವ ದೇಹ ಸುಮಾರು ನಾಲ್ಕು ಅಡಿ ಮೇಲೇರಿ ಇಳಿಯಬೇಕು, ಕಮಾನಿನ ಆಕಾರದಲ್ಲಿ. ಮೇಲೆ ಹೋಗುವಾಗ ನಿಧಾನವಾಗುತ್ತಾ, ಇಳಿಯುವಾಗ ವೇಗವಾಗುತ್ತಾ. ಮೂವತ್ತು ಅಡಿ ಅಡ್ಡ ಹೋದರೂ ಈ ಕಮಾನು ಸರಿ ಇದ್ದರೆ ಕಣ್ಣು ಒಪ್ಪುತ್ತದೆ. ನಗು ಬರುವುದು ಮನುಷ್ಯ ನೇರ ಗೆರೆಯಲ್ಲಿ, ಒಂದೇ ವೇಗದಲ್ಲಿ, ಬಟ್ಟೆ ಒಣಗಿಸುವ ಹಗ್ಗದ ಮೇಲೆ ಜಾರಿದ ಹಾಗೆ ಹೋದಾಗ.

ಮನುಷ್ಯನನ್ನು ಹಾರಿಸಲು ರೋಪ್ ಕಟ್ಟುವಾಗ ತಪ್ಪುವ ಜಾಗಗಳು ಇವು. ಹಿಂದಕ್ಕೆ ಎಸೆಯುವ ಶಾಟ್‌ಗೆ ಅಂಗಿಯ ಒಳಗೆ ಜರ್ಕ್ ವೆಸ್ಟ್ (ಹಗ್ಗ ಸಿಕ್ಕಿಸುವ ಪಟ್ಟಿಗಳ ಒಳಕವಚ), ಹಗ್ಗ ಬೆನ್ನಿನ ನಡುವಿನಿಂದ. ಪಲ್ಟಿಗೆ ಸೊಂಟದ ಎರಡೂ ಬದಿಯಿಂದ. ಬೆನ್ನಿನಿಂದ ಎಳೆಯಬೇಕಾದಲ್ಲಿ ಸೊಂಟದಿಂದ ಎಳೆದರೆ ಸೊಂಟ ಮೊದಲು ಹೋಗುತ್ತದೆ, ಕೈಕಾಲು ತಲೆ ಆಮೇಲೆ, ಚೀಲ ಎಳೆದ ಹಾಗೆ. ಏಟು ಎದೆಗೆ ಬಿದ್ದದ್ದು ಅಂತ ಯಾರೂ ನಂಬುವುದಿಲ್ಲ. ಎಳೆತವೂ ಅಷ್ಟೇ: ಶುರುವಿನಲ್ಲಿ ಝಟ್ಟನೆ, ಕಮಾನಿನ ತುದಿಗೆ ಬರುವಾಗ ಹಗ್ಗ ಸಡಿಲ ಬಿಡಬೇಕು. ಕೊನೆಯವರೆಗೆ ಬಿಗಿ ಹಿಡಿದರೆ ಮನುಷ್ಯ ತೂಗಾಡುತ್ತಾನೆ. ಸೊಂಟದ ಹತ್ತಿರ ಅಂಗಿ ಗುಬ್ಬಿ ಕಟ್ಟಿದ್ದು ಕಂಡರೆ ಒಳಗಿನ ಪಟ್ಟಿ ಗೊತ್ತಾಗುತ್ತದೆ. ಒಂದು ಸೈಜ್ ದೊಡ್ಡ ಅಂಗಿ ಹಾಕಿಸುವುದು ಅದಕ್ಕೆ. ಬೀಳುವ ಜಾಗದಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ ಎರಡು ಮೂರು ಪದರ, ಮೇಲೆ ತೆಳು ಹಾಸಿಗೆ. ಪೆಟ್ಟಿಗೆಯಿಂದ ಗಾಳಿ ಹೊರಗೆ ಹೋಗಲು ದಾರಿ ಇರಬೇಕು. ಇಲ್ಲದಿದ್ದರೆ ಪೆಟ್ಟಿಗೆ ಕುಸಿಯುವ ಬದಲು ಚೆಂಡಿನ ಹಾಗೆ ಮೇಲಕ್ಕೆ ಎಸೆಯುತ್ತದೆ, ಸ್ಟಂಟ್ ಮಾಡುವವರ ಬೆನ್ನಿಗೆ ಅದು ಅಪಾಯ. ಕಂಪ್ಯೂಟರಿನಲ್ಲಿ ಹಗ್ಗ ಅಳಿಸಲು ಅದೇ ಫ್ರೇಮಿನ ಖಾಲಿ ಶಾಟ್ ಒಂದನ್ನು ತೆಗೆದಿಡಬೇಕು. ಬೆಳಕು ಬದಲಾಗುವ ಮೊದಲೇ ತೆಗೆಯಬೇಕು, ಸಂಜೆ ನೆನಪಾದರೆ ಉಪಯೋಗವಿಲ್ಲ.

ಬಾಲ್ಕನಿಯವರ ಅಕ್ಕಿಮುಡಿಯ ಮಾತು ನನಗೆ ತುಂಬ ಮುಖ್ಯ ಅನಿಸಿತು. ಅಲ್ಲಿ ಜನ ನೋಡುವುದು ಭಾರವನ್ನು. ವೇಷಧಾರಿ ಕಾಲು ಅಗಲಿಸಿ ಊರುತ್ತಾರೆ, ಮುಡಿ ನೆಲ ಬಿಡುವ ಆ ಒಂದು ಕ್ಷಣ ಅಲ್ಲೇ ನಿಂತ ಹಾಗೆ ಇರುತ್ತದೆ, ಆಮೇಲೆ ಏಳುತ್ತದೆ. ಹೀರೋ ಕಂಬ ಕೀಳುವಾಗ ಆ ಕ್ಷಣ ಉಂಟಾ ನೋಡಿ. ಮೊದಲ ಎಳೆತಕ್ಕೆ ಕಂಬ ಬರಬಾರದು. ಪಾದ ಮಣ್ಣಿನಲ್ಲಿ ಇಳಿಯಬೇಕು. ಬುಡದಲ್ಲಿ ಮಣ್ಣು ಬಿರುಕು ಬಿಡಬೇಕು. ಇಷ್ಟು ತೋರಿಸಿದರೆ ಆಮೇಲೆ ಆ ಕಂಬದಿಂದ ಎಂಟು ಜನರಿಗೆ ಬಾರಿಸಿದರೂ ನಾವು ಒಪ್ಪುತ್ತೇವೆ. ಕಬ್ಬು ಮುರಿದ ಹಾಗೆ ಕಿತ್ತರೆ, ಒಬ್ಬನಿಗೆ ಹೊಡೆದರೂ ಸುಳ್ಳು.

ಫ್ರೇಮು ದೊಂದಿ

ಕ್ಯಾಮೆರಾದ ಕಡೆಯಿಂದ ಸ್ವಲ್ಪ.

ಪರದೆಯ ಮೇಲೆ ಓಡುವುದು ಸೆಕೆಂಡಿಗೆ 24 ಫ್ರೇಮ್. 48ರಲ್ಲಿ ತೆಗೆದರೆ ಅರ್ಧ ವೇಗ, 96ಕ್ಕೆ ಕಾಲು, 120ಕ್ಕೆ ಐದರಲ್ಲೊಂದು. ಹಗ್ಗದವರು ಹೇಳಿದ ಒಂದು ಸೆಕೆಂಡಿನ ಹಾರಾಟ 96ರಲ್ಲಿ ಪರದೆಯ ಮೇಲೆ ನಾಲ್ಕು ಸೆಕೆಂಡ್. ಅಷ್ಟರಲ್ಲಿ ಕಮಾನನ್ನು ಕಣ್ಣು ಪೂರ್ತಿ ಓದುತ್ತದೆ, ಆದ್ದರಿಂದ ರೋಪ್‌ನ ತಪ್ಪು ಸ್ಲೋ ಮೋಷನ್‌ನಲ್ಲಿ ಅಡಗುವುದಿಲ್ಲ, ನಾಲ್ಕು ಪಟ್ಟು ಕಾಣುತ್ತದೆ. ಏಟು ಮಾತ್ರ ಇದರ ಉಲ್ಟಾ. ಅದನ್ನು 22ರಲ್ಲಿ ತೆಗೆದು 24ರಲ್ಲಿ ಓಡಿಸುವ ಅಭ್ಯಾಸ ಉಂಟು, ನೂರಕ್ಕೆ ಒಂಬತ್ತರಷ್ಟು ಚುರುಕು. 20ಕ್ಕೆ ಇಳಿಸಿದರೆ ಹಳೆಯ ಮೂಕಿ ಚಿತ್ರದ ನಡಿಗೆ.

96ಕ್ಕೆ ಹೋದ ಕೂಡಲೇ ಬೆಳಕು ಎರಡು ಸ್ಟಾಪ್ ಬೀಳುತ್ತದೆ, ಅಂದರೆ ನಾಲ್ಕು ಪಟ್ಟು ಬೆಳಕು ಬೇಕು. ರಾತ್ರಿ ಸೆಟ್ಟಿನಲ್ಲಿ ಇದನ್ನು ಮರೆತರೆ ಚಿತ್ರದಲ್ಲಿ ಕಾಳು ಕಾಳು. ನಮ್ಮ ಕರೆಂಟ್ 50 ಹರ್ಟ್ಸ್, ಮಾಮೂಲು ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿಡಿಯುತ್ತದೆ. ಅಂಥ ದೀಪದ ಕೆಳಗೆ 120ರಲ್ಲಿ ತೆಗೆದರೆ ಚಿತ್ರ ಮಿಣಮಿಣ ಅನ್ನುತ್ತದೆ. 50 ಅಥವಾ 100ರಲ್ಲಿ ತೆಗೆದರೆ ಈ ಕಾಟ ಬಹುತೇಕ ಇಲ್ಲ.

ಸ್ಲೋ ಮೋಷನ್‌ನಲ್ಲಿ ಚಂದ ಕಾಣುವುದು ಹೀರೋ ಅಲ್ಲ, ಅವನ ಸುತ್ತ ಹಾರುವ ವಸ್ತು. ಅದಕ್ಕೇ ಬಟ್ಟೆಗೆ ಮುಲ್ತಾನಿ ಮಿಟ್ಟಿ ಪುಡಿ ಹಾಕುವುದು, ಕೂದಲು ಒದ್ದೆ ಮಾಡುವುದು, ನೆಲಕ್ಕೆ ನೀರು ನಿಲ್ಲಿಸುವುದು. ಕನೆಹಲಗೆಯ ನೀರು ನಿಶಾನೆಗೆ ಏಳುವಾಗ ಕೋಣ ಎಷ್ಟು ಜೋರು ಓಡಿತು ಅಂತ ನೀರೇ ಹೇಳುತ್ತದೆ. ಕೋಣವನ್ನು ನೋಡಬೇಕಾಗಿಯೇ ಇಲ್ಲ. ಧೂಳು ಏಳದ ಏಟಿನ ಬಲವನ್ನು ಅಳೆಯಲು ಕಣ್ಣಿಗೆ ಏನೂ ಸಿಗುವುದಿಲ್ಲ. ಎಲ್ಲ ಏಟಿಗೂ ಸ್ಲೋ ಮೋಷನ್ ಹಾಕಿದರೆ ಇನ್ನೊಂದು ನಷ್ಟ: ಮಾಮೂಲು ವೇಗ ಯಾವುದು ಅನ್ನುವುದೇ ಮರೆತುಹೋಗುತ್ತದೆ.

ಕದ್ರಿ ಕಟ್ಟೆ

ಕಮಾನಿನ ಮಾತು ಒಪ್ಪಿದೆ. ಹಾಗಾದರೆ ಇದಕ್ಕೆ ಉತ್ತರ ಕೊಡಿ: ಇಪ್ಪತ್ತು ರೌಡಿಗಳು ಸುತ್ತ ನಿಂತು ಒಬ್ಬೊಬ್ಬರಾಗಿ ಯಾಕೆ ಬರುತ್ತಾರೆ? ರೇಷನ್ ಕ್ಯೂ ಹಾಗೆ?

ಹಗ್ಗದ ಲೆಕ್ಕ

ಕೆಟ್ಟ ಕಂಪೋಸಿಂಗ್, ಬೇರೆ ಸಮಜಾಯಿಷಿ ಇಲ್ಲ. ಹಿಂದೆ ನಿಂತವ ಕೈ ಮುಷ್ಟಿ ಮಾಡಿ ಕುಣಿಯುತ್ತಾ ತನ್ನ ಸರದಿ ಕಾಯುವುದು ಒಂದು ಫ್ರೇಮಿನಲ್ಲಿ ಕಂಡರೂ ಸೀನ್ ಸತ್ತಿತು. ಸರಿಯಾಗಿ ಮಾಡುವವರು ಜಾಗವನ್ನೇ ಇಕ್ಕಟ್ಟು ಮಾಡುತ್ತಾರೆ: ಓಣಿ, ಮೆಟ್ಟಿಲು, ಬಸ್ಸಿನ ಒಳಗೆ, ಎರಡು ಲಾರಿಗಳ ನಡುವೆ. ಅಲ್ಲಿ ಇಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ಬರಲು ಸಾಧ್ಯವೇ ಇಲ್ಲ. ಬಯಲಾದರೆ ಮೂರು ಸುತ್ತು ಮಾಡಬೇಕು. ಒಳಸುತ್ತಿನವರು ಹೊಡೆದಾಡುತ್ತಾರೆ, ನಡುವಿನವರು ಬಿದ್ದವರ ಮೇಲೆ ಎಡವಿ ಏಳುತ್ತಾರೆ, ಹೊರಗಿನವರು ಓಡಿ ಬರುತ್ತಿರುತ್ತಾರೆ. ಸುಮ್ಮನೆ ನಿಂತವ ಒಬ್ಬನೂ ಇರಬಾರದು. ಏಟು ಮುಖದಿಂದ ಅರ್ಧ ಅಡಿ ದೂರದಲ್ಲೇ ಹೋಗಲಿ, ಕ್ಯಾಮೆರಾ ಆ ಅಂತರವನ್ನು ಮುಚ್ಚುವ ಕೋನದಲ್ಲಿದ್ದರೆ ಸಾಕು. ಏಟು ತಿನ್ನುವವರ ತಲೆ ಒಂದು ಕ್ಷಣ ತಡವಾಗಿ ತಿರುಗಿದರೆ ಎಡಿಟರ್ ನಡುವಿನ ಎರಡು ಫ್ರೇಮ್ ತೆಗೆದು ಕೂಡಿಸುತ್ತಾರೆ. ಮೊದಲೇ ತಿರುಗಿದ್ದರೆ ಮಾತ್ರ ಯಾವ ಎಡಿಟರಿಂದಲೂ ಆಗುವುದಿಲ್ಲ.

ಗಾಡಿ ಹಾರುವುದರ ಬಗ್ಗೆಯೂ ಯಾರಾದರೂ ಕೇಳುತ್ತಾರೆ, ಇಲ್ಲೇ ಬರೆದುಬಿಡುತ್ತೇನೆ. ಟಾಟಾ ಸುಮೋ 1994ರಲ್ಲಿ ಬಂತು, 2019ರಲ್ಲಿ ನಿಂತಿತು. ನಡುವೆ ಫೈಟ್‌ಗಳಲ್ಲಿ ಹಾರಿದ ಸುಮೋಗಳಿಗೆ ಲೆಕ್ಕ ಇಲ್ಲ. ಏಣಿಯಂಥ ಗಟ್ಟಿ ಚಾಸಿ ಇರುವುದರಿಂದ ಕ್ರೇನಿನ ಕೇಬಲ್ ಹಾಕಲು ಹಿಡಿತ ಸಿಗುತ್ತದೆ. ಪಲ್ಟಿ ಹೊಡೆಸಲು ಎರಡು ದಾರಿ: ಒಂದು ಬದಿಯ ಚಕ್ರ ಮಾತ್ರ ಏರುವ ಪೈಪ್ ರ‍್ಯಾಂಪ್, ಇಲ್ಲವೇ ಅಡಿಯಲ್ಲಿ ನೈಟ್ರೋಜನ್ ಒತ್ತಡದಿಂದ ನೆಲಕ್ಕೆ ಗುದ್ದುವ ದಿಮ್ಮಿ. ಟ್ಯಾಂಕಿನ ಇಂಧನ ತೆಗೆದಿರಬೇಕು, ಒಳಗೆ ಕಬ್ಬಿಣದ ಪಂಜರ ಇರಬೇಕು. ಇದರಲ್ಲಿ ರಾಜಿ ಇಲ್ಲ.

ದಕ್ಕೆ ರಸ್ತೆ

ಇಷ್ಟೆಲ್ಲ ಸರಿ ಇದ್ದೂ ಸೋತ ಫೈಟ್‌ಗಳು ಬೇಕಾದಷ್ಟಿವೆ. ಫೈಟ್ ಗೆಲ್ಲುವುದು ಅದಕ್ಕೆ ಇಪ್ಪತ್ತು ನಿಮಿಷ ಮೊದಲು.

ವಿಲನ್ ಐವತ್ತು ಜನರನ್ನು ಸಾಲಾಗಿ ಕೊಂದರೆ ನಮಗೆ ಏನೂ ಆಗುವುದಿಲ್ಲ, ಅವರ ಮುಖವೇ ನಮಗೆ ಗೊತ್ತಿಲ್ಲ. ಅದರ ಬದಲು ಹೀಗೆ ಊಹಿಸಿ. ಮೀನು ಮಾರುವ ಮುದುಕಿಯ ಬುಟ್ಟಿಗೆ ಒಬ್ಬ ಕಾಲಿನಿಂದ ಒದೆಯುತ್ತಾನೆ. ಐಸ್ ಚೆಲ್ಲುತ್ತದೆ, ಬಂಗುಡೆ ಕೆಸರಿಗೆ ಬೀಳುತ್ತವೆ. ಅವಳು ಬೈಯುವುದಿಲ್ಲ, ಅಳುವುದಿಲ್ಲ. ಬಗ್ಗಿ ಒಂದೊಂದೇ ಮೀನು ಹೆಕ್ಕಿ, ಸೆರಗಿನಿಂದ ಕೆಸರು ಒರೆಸಿ, ಮತ್ತೆ ಬುಟ್ಟಿಗೆ ಇಡುತ್ತಾಳೆ. ಕೊನೆಯ ಮೀನಿನ ಮೇಲೆ ಅವನ ಬೂಟು ಇನ್ನೂ ಇದೆ. ಅವಳು ಕೈ ಚಾಚಿ ಕಾಯುತ್ತಾಳೆ. ಕ್ಯಾಮೆರಾ ಆ ಕೈಯ ಮೇಲೆ ಆರು ಸೆಕೆಂಡ್ ನಿಲ್ಲಲಿ. ಇನ್ನು ಆ ಬೂಟಿನವ ಅರವತ್ತು ಅಡಿ ಹಾರಿದರೂ ಒಬ್ಬರೂ ಲಾಜಿಕ್ ಕೇಳುವುದಿಲ್ಲ. ಹಾರದಿದ್ದರೆ ಕೇಳುತ್ತಾರೆ.

ತುಳುನಾಡಿನ ವೀರರು ಕೋಟಿ ಚೆನ್ನಯರ ಪಾಡ್ದನದಲ್ಲೂ (ತುಳು ಹಾಡುಗಥೆ) ಎದುರಾಳಿ ಬುದ್ಯಂತನ ಜೊತೆಗಿನ ಜಗಳ ಏಳುವುದು ರಾಜ್ಯಕ್ಕಾಗಿ ಅಲ್ಲ, ಗದ್ದೆಯ ನೀರಿಗೆ. ನೀರಿನ ಅನ್ಯಾಯ ಉಳುವವರಿಗೆಲ್ಲ ಗೊತ್ತು. ಆದ್ದರಿಂದ ಆಮೇಲೆ ಅವರ ಪರಾಕ್ರಮ ಎಷ್ಟು ದೊಡ್ಡದಾಗಿ ಹಾಡಿದರೂ ಕೇಳುವವರಿಗೆ ಹೆಚ್ಚಾಯಿತು ಅನಿಸುವುದಿಲ್ಲ. @ಕದ್ರಿ ಕಟ್ಟೆ, ನಿಮ್ಮ ಮೊದಲ ಪ್ರಶ್ನೆಗೂ ಇದೇ ಉತ್ತರ. ಹೀರೋಗೆ ಏನೂ ಆಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಮಹಿಷಾಸುರ ಸಾಯುತ್ತಾನೆ ಅಂತಲೂ ಗೊತ್ತು. ಜನ ಕಾದು ಕೂರುವುದು ಯಾರು ಗೆಲ್ಲುತ್ತಾರೆ ಅಂತ ನೋಡಲು ಅಲ್ಲ, ಬಾಕಿ ಸಂದಾಯ ಆಗುವುದನ್ನು ನೋಡಲು.

ಕದ್ರಿ ಕಟ್ಟೆ

ಮೀನಿನ ಉದಾಹರಣೆ ಮನಸ್ಸಿಗೆ ತಾಗಿತು. ಸರಿ, ಒಪ್ಪುತ್ತೇನೆ: ನನ್ನ ತಕರಾರು ಹಾರುವುದರ ಮೇಲೆ ಅಲ್ಲ, ಬಾಕಿ ಇಲ್ಲದೆ ಹಾರಿಸುವುದರ ಮೇಲೆ. ಆದರೂ ಹೀರೋಗೆ ಒಂದು ಗಾಯವಾದರೂ ಆಗಬೇಕು ಅನ್ನುವ ಮಾತು ಬಿಡುವುದಿಲ್ಲ.

ಬಸ್ರೂರು ಬಯಲು

ಗಾಯದ ಬಗ್ಗೆ ನಾನೂ ಕದ್ರಿಯವರ ಪಕ್ಷ.

ಸಂಗೀತದ ವಿಷಯ ಬಂದಾಗ ನಮ್ಮ ಊರಿನ ಹೆಸರು ಹೇಳದೆ ಇರಲಿಕ್ಕೆ ಆಗ್ತಿಲ್ಲ. 2018ರ ಡಿಸೆಂಬರ್‌ನಲ್ಲಿ ಬಂದ ಕೆಜಿಎಫ್ ಮೊದಲ ಭಾಗ, 2022ರ ಏಪ್ರಿಲ್‌ನ ಎರಡನೆಯ ಭಾಗ, ಎರಡಕ್ಕೂ ಸಂಗೀತ ಕುಂದಾಪುರದ ಪಕ್ಕದ ಬಸ್ರೂರಿನ ರವಿ ಬಸ್ರೂರು ಅವರದ್ದು. ಮೊದಲ ಭಾಗದ ಸಾಹಸಕ್ಕೆ 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯೂ ಬಂತು. ಅಲ್ಲಿಯ ಗಂಡು ಕಂಠಗಳ ಸಮೂಹಗಾನವನ್ನು ಗಮನಿಸಿ. ಹೀರೋನ ಬಗ್ಗೆ ಹೀರೋ ಹಾಡಿಕೊಳ್ಳುವುದಿಲ್ಲ, ಊರು ಹಾಡುತ್ತದೆ. ಒಬ್ಬ ಮನುಷ್ಯ ದೊಡ್ಡವನಾಗಿ ಕೇಳಿಸುವುದು ಅವನ ಹಿಂದೆ ನೂರು ಗಂಟಲು ಇದ್ದಾಗ.

ಇನ್ನೊಂದು ಮಾತು ಇಲ್ಲಿಯೇ ಹೇಳಬೇಕು. 2022ರ ಕಾಂತಾರದ ಕೊನೆಯ ಭಾಗವನ್ನು ಬಹಳ ಜನ ಮಾಸ್ ಸೀನ್ ಅಂತ ಕರೆಯುತ್ತಾರೆ. ಕಟ್ಟಿದ ಕ್ರಮ ಹೌದು, ಅದೇ ತಡ, ಅದೇ ಮೌನ. ಆದರೆ ದೈವದ ಕಾಲಿನ ಗಗ್ಗರದ ಸದ್ದಿಗೆ ಶಿಳ್ಳೆ ಹಾಕುವುದು ಸರಿಯಲ್ಲ. ದೈವದ ನೇಮ ನಡೆಯುವ ಕಳದಲ್ಲಿ ಗಗ್ಗರ ಕೇಳಿದರೆ ಜನ ಮಾತು ನಿಲ್ಲಿಸುತ್ತಾರೆ, ಕೈ ಮುಗಿಯುತ್ತಾರೆ. ಆ ಮೌನವನ್ನು ಗೊತ್ತಿದ್ದವರು ಥಿಯೇಟರಿನಲ್ಲೂ ಇಟ್ಟುಕೊಳ್ಳಬೇಕು. ದೈವದ ಕೂಗನ್ನು ಹೊರಗೆ ಪಾರ್ಕಿಂಗಿನಲ್ಲಿ ಅನುಕರಿಸುವುದಂತೂ ಬೇಡವೇ ಬೇಡ.

ಚೆಂಡೆಪೆಟ್ಟು

ಕೊನೆಯ ಮಾತಿಗೆ ಪೂರ್ತಿ ಸಹಮತ. ಬಣ್ಣದ ವೇಷಕ್ಕೆ ಕೂಗಬಹುದು, ಅದು ಆಟ. ದೈವ ಆಟ ಅಲ್ಲ.

ರೀಲು ಪೆಟ್ಟಿಗೆ

ಪ್ರೊಜೆಕ್ಷನ್ ಬಗ್ಗೆ ಯಾರೂ ಬರೆದಿಲ್ಲ. ಒಳ್ಳೆಯ ಫೈಟ್ ಅರ್ಧ ಸಾಯುವುದು ಅಲ್ಲೇ.

ಪರದೆಯ ನಡುವಿನ ಬೆಳಕಿಗೆ ಒಂದು ನಿಗದಿ ಅಳತೆ ಉಂಟು, 14 ಫುಟ್‌ಲ್ಯಾಂಬರ್ಟ್. ಪ್ರೊಜೆಕ್ಟರಿನ ಝೆನಾನ್ ದೀಪ ಹಳತಾದಂತೆ ಇದು ಇಳಿಯುತ್ತದೆ. ಕಾಮಿಡಿ ಪಿಕ್ಚರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಈಗಿನ ಆ್ಯಕ್ಷನ್ ಪಿಕ್ಚರ್‌ಗಳ ಬಣ್ಣವೇ ಕಲ್ಲಿದ್ದಲು, ಹೊಗೆ, ಕೆಂಡ. ಅಲ್ಲಿ ಬೆಳಕು ಇಳಿದರೆ ಧೂಳು, ಬೆವರು, ಹಿಂದಿನ ಸಾಲಿನ ಜನ ಎಲ್ಲ ಕಪ್ಪು ಕೆಸರಾಗುತ್ತದೆ. "ಫೈಟ್ ಅರ್ಥವೇ ಆಗಲಿಲ್ಲ" ಅನ್ನುವ ದೂರಿನಲ್ಲಿ ಎಷ್ಟೋ ಸಲ ತಪ್ಪು ನಿರ್ದೇಶಕರದ್ದಲ್ಲ, ದೀಪದ್ದು.

ಶಬ್ದವೂ ಹಾಗೆಯೇ. ಮಿಕ್ಸ್ ಮಾಡುವವರು ಫೇಡರ್ (ಶಬ್ದ ಏರಿಸಿ ಇಳಿಸುವ ಗುಂಡಿ) 7ಕ್ಕೆ ಇಟ್ಟು ಅಳೆದಿರುತ್ತಾರೆ. ಜೋರಾಯಿತು ಅಂತ ಒಬ್ಬರು ದೂರು ಕೊಟ್ಟರೆ ಬಹಳ ಕಡೆ 5ಕ್ಕೆ ಇಳಿಸುತ್ತಾರೆ. ಸಾಮಾನ್ಯ ಪ್ರೊಸೆಸರಿನಲ್ಲಿ ಅದು ಆರೂವರೆ ಡೆಸಿಬೆಲ್‌ಗಿಂತ ಹೆಚ್ಚು ಕಡಿತ. ತಗ್ಗಿದ ದನಿಯಲ್ಲಿ ಮೊದಲು ಮಾಯವಾಗುವುದು ಮಲ್ಪೆಯವರು ಹೇಳಿದ ಆ ಅಡಿಯ ಗುದ್ದು, ಯಾಕೆಂದರೆ ಸಣ್ಣ ಶಬ್ದದಲ್ಲಿ ನಮ್ಮ ಕಿವಿಗೆ ಬಾಸ್ ಸರಿಯಾಗಿ ಕೇಳುವುದಿಲ್ಲ. ಆದರೆ ತಪ್ಪು ಥಿಯೇಟರಿನದ್ದು ಮಾತ್ರ ಅಲ್ಲ. ಎಲ್ಲ ಪಿಕ್ಚರೂ ಕಿರುಚುವ ಮಿಕ್ಸ್‌ನಲ್ಲಿ ಬಂದರೆ ಆಪರೇಟರ್ ಇಳಿಸದೆ ಏನು ಮಾಡುತ್ತಾರೆ?

ಬಂದರು ಬಾಲ್ಕನಿ

ಎಲ್ಲರಿಗೂ ಧನ್ಯವಾದ. ಬಸ್ಸಿನಲ್ಲಿ ಕಂಡಕ್ಟರ್ ಇನ್ನೂ "ಜ್ಯೋತಿ, ಜ್ಯೋತಿ" ಅಂತ ಕೂಗುವ ಊರು ಇದು, ಟಾಕೀಸಿನ ಹೆಸರೇ ಸ್ಟಾಪಿನ ಹೆಸರು. ಇಲ್ಲಿ ಇಂಥ ಮಾತು ಇನ್ನಷ್ಟು ನಡೆಯಬೇಕು. ಒಂದು ಕೊನೆಯ ಪ್ರಶ್ನೆ @ರೀಲು ಪೆಟ್ಟಿಗೆ: ಇಂಥ ಪಿಕ್ಚರಿಗೆ ಯಾವ ಸೀಟ್ ತೆಗೆಯಬೇಕು?

ರೀಲು ಪೆಟ್ಟಿಗೆ

ಪರದೆಯಿಂದ ಹಿಂದಿನ ಗೋಡೆಯವರೆಗೆ ಮೂರು ಭಾಗ ಮಾಡಿ, ಎರಡು ಭಾಗ ದಾಟಿದಲ್ಲಿ, ಸಾಲಿನ ನಡುವೆ. ಶಬ್ದ ಹೊಂದಿಸುವುದು ಆ ಜಾಗದ ಸುತ್ತಮುತ್ತ ಮೈಕ್ ಇಟ್ಟು. ಬಾಲ್ಕನಿ ಇರುವ ಹಳೆಯ ಟಾಕೀಸಾದರೆ ಬಾಲ್ಕನಿಯ ಅಡಿಯ ಸಾಲುಗಳು ಬೇಡ. ಮೇಲಿನ ಮಾಡು ತಗ್ಗಾಗಿರುವುದರಿಂದ ಅಲ್ಲಿ ಸುತ್ತಲಿನ ಸ್ಪೀಕರ್ ಸರಿಯಾಗಿ ಮುಟ್ಟುವುದಿಲ್ಲ. ಬಾಲ್ಕನಿಯ ಅಂಚಿಗಿಂತ ಎರಡು ಸಾಲು ಮುಂದೆ ಬನ್ನಿ. ಮೊದಲ ದಿನದ ಆಟವಾದರೆ ಇನ್ನೂ ಎರಡು ಸಾಲು ಮುಂದೆ, ಕಾಗದದ ಚೂರು ಹಾರಿಸುವವರ ಹತ್ತಿರ.